ಫರಕ್ ಎಷ್ಟು ಎಂದು ಕೇಳುತ್ತಿದ್ದ ಅಕ್ಕೋರು

ಅಕ್ಕೋರ ಬಲಗಣ್ಣಿನ ಸುತ್ತ ಬಳೆಯಷ್ಟು ಗುಂಡಗೆ ಒಂದು ಕಪ್ಪು ಗುರುತಿತ್ತು. ಗೊತ್ತಿಲ್ಲದವರಿಗೆ ಯಾರೋ ಗುದ್ದಿದ ಹಾಗೆ ಕಾಣುತ್ತಿತ್ತು. ಭೂಮಿಯ ಎಳೆತ ಅಳೆಯುವ ಗ್ರಾವಿಮೀಟರ್ ಪೆಟ್ಟಿಗೆಯ ಮೇಲಿರುವ ರಬ್ಬರಿನ ಕಿಂಡಿಗೆ ವರ್ಷಗಟ್ಟಲೆ ಕಣ್ಣೊತ್ತಿ ನೋಡಿ ನೋಡಿ ಅಲ್ಲಿಯ ಚರ್ಮ ದಪ್ಪಗಾಗಿ ಕಪ್ಪುಗಟ್ಟಿತ್ತು. ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ನಾವು ಜೀಪು ನಿಲ್ಲಿಸಿದಾಗ ಹೆಂಗಸರು ಮೊದಲು ನೋಡುತ್ತಿದ್ದುದು ಆ ಕಣ್ಣನ್ನೇ. ಒಬ್ಬಳು ಕೊಡ ಇಳಿಸಿ ಮೆಲ್ಲಗೆ ಕೇಳಿಯೇ ಬಿಟ್ಟಳು: "ಗಂಡ ಹೊಡೀತಾನೇನವ್ವಾ?"

ಅಕ್ಕೋರಿಗೆ ಮದುವೆಯಾಗಿರಲಿಲ್ಲ. ತಲೆ ಎತ್ತದೆ ಹೇಳಿದರು: "ಗಂಡ ಇದ್ದಿದ್ರ ನಾನೇ ಹೊಡೀತಿದ್ದೆ."

ಅದು ತಮಾಷೆ ಎಂದು ನನಗೆ ಆಗ ಅನಿಸಿತ್ತು. ಅವರ ಕೈಕೆಳಗೆ ಒಂದು ಬೇಸಿಗೆ ಕಳೆದ ಮೇಲೆ ಅನಿಸಲಿಲ್ಲ.

ಕಾಗಿಣಾ ನದಿಯ ದಂಡೆಯ ವೈಷ್ಣವರ ಮನೆಯ ಮಗಳು ಅವರು. ತಂದೆ ಗುಡಿಯ ಪೂಜೆ ಮಾಡಿಕೊಂಡಿದ್ದವರು. ಅಣ್ಣ ಸೇಡಂನಲ್ಲಿ ಶಾಲೆಯ ಮಾಸ್ತರರು. ಅಕ್ಕೋರು ಕೆಲವು ವರ್ಷ ಚಿತ್ತಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ್ದರು. ಆ ಕೆಲಸ ಬಿಟ್ಟು ನಮ್ಮ ಸರ್ವೆ ತಂಡದ ಮುಖ್ಯಸ್ಥರಾದ ಮೇಲೂ ಜೀಪಿನ ಡ್ರೈವರ್ ಮೊದಲುಗೊಂಡು ಎಲ್ಲರೂ ಅವರನ್ನು, ಶಾಲೆಯ ಟೀಚರನ್ನು ಕರೆಯುವಂತೆ, ಅಕ್ಕೋರು ಎಂದೇ ಕರೆಯುತ್ತಿದ್ದರು. ನಾನು ವಾಡಿಯವಳು. ಎಂ.ಎಸ್ಸಿ. ಮುಗಿಸಿ ಅವರ ಕೈಕೆಳಗೆ ಕೆಲಸಕ್ಕೆ ಸೇರಿದೆ.

ಕೆಲಸ ಇಷ್ಟು. ಭೂಮಿ ಎಲ್ಲ ಕಡೆಯೂ ಒಂದೇ ಸಮನಾಗಿ ನಮ್ಮನ್ನು ಎಳೆಯುವುದಿಲ್ಲ. ಕೆಳಗೆ ಶಹಾಬಾದಿನ ಹಾಸುಗಲ್ಲಿದ್ದರೆ ಒಂದು ಥರ, ಚಿಂಚೋಳಿಯ ಕರಿಕಲ್ಲಿದ್ದರೆ ಒಂದು ಥರ. ಆ ವ್ಯತ್ಯಾಸ ಎಷ್ಟು ಸಣ್ಣದೆಂದರೆ, ಪೆಟ್ಟಿಗೆಯೊಳಗಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಮಾತ್ರ ಅದು ತಿಳಿಯುತ್ತದೆ. ಊರೂರಿಗೆ, ಹೊಲಹೊಲಕ್ಕೆ ಪೆಟ್ಟಿಗೆ ಹೊತ್ತು ಅದನ್ನು ಅಳೆದು, ಆ ಅಳತೆಗಳಿಂದ ಇಡೀ ಸೀಮೆಯ ಒಂದು ಮಾದರಿ ಕಟ್ಟಬೇಕು. ಉಪಗ್ರಹದಿಂದ ಯಾವ ಜಾಗದ ಎತ್ತರವೂ ಈಗ ಸಿಗುತ್ತದೆ. ಆದರೆ ನೀರು ಹರಿಯುವುದು ಭೂಮಿ ಎಳೆದತ್ತ. ಉಪಗ್ರಹದ ಎತ್ತರವನ್ನು ನೀರಿನ ಎತ್ತರಕ್ಕೆ ಬದಲಿಸಲು ನಮ್ಮ ಮಾದರಿ ಬೇಕು.

ಮೊದಲ ದಿನ ನಾನು ಒಂದು ಹೊಲದ ಬದುವಿನಲ್ಲಿ ರೀಡಿಂಗ್ ತೆಗೆದು ಓಡಿಬಂದು ಹೇಳಿದೆ. ಅಕ್ಕೋರು ಕೇಳಿದರು, "ಫರಕ್?"

"ಯಾವ ಫರಕ್ ರೀ?"

"ನೀ ಹೇಳಿದ್ದು ಎಷ್ಟು ಹೆಚ್ಚುಕಮ್ಮಿ ಇರಬಹುದು?"

ನನಗೆ ಗೊತ್ತಿಲ್ಲ ಎಂದೆ. ಬಿಸಿಲು ನೆತ್ತಿಗೇರಿತ್ತು. ಅವರು ಜೀಪಿನ ಬಾಗಿಲು ಹಾಕಿಕೊಂಡು, "ತಿರುಗಿ ಹೋಗು. ಮತ್ತ ಅಳಿ. ಮತ್ತ ಮತ್ತ ಅಳಿ. ನೀ ಎಷ್ಟು ತಪ್ಪಾಕಿ ಅಂತ ತಿಳಕೊಂಡು ಬಾ. ಬರೇ ನಂಬರ್ ತಂದ್ರ ಅದು ಸುದ್ದಿ, ಫರಕ್ ತಂದ್ರ ಅಳತಿ," ಎಂದರು. ಬಾಯಾರಿ ನಾಲಿಗೆ ಅಂಟಿಕೊಳ್ಳುವವರೆಗೂ ನಾನು ಆ ಬದುವಿನಲ್ಲಿ ಬೋರಲಾಗಿ ಅಳೆದೆ. ವಾಪಸ್ ಬಂದಾಗ ಶಭಾಶ್ ಅನ್ನಲಿಲ್ಲ. "ಈಗ ಕೂಡು" ಎಂದರು.

ಆ ಸ್ಪ್ರಿಂಗ್ ಹೊತ್ತು ಕಳೆದಂತೆ ಸಡಿಲಾಗುತ್ತದೆ. ಎಷ್ಟು ಸಡಿಲಾಯಿತೆಂದು ತಿಳಿಯಲು ಹೊರಟ ಜಾಗಕ್ಕೇ ಬೇಗ ಹಿಂತಿರುಗಿ ಮತ್ತೊಮ್ಮೆ ಅಳೆಯಬೇಕು. ಹಾಗೆ ಒಂದು ಸಲ ವಾಡಿಯ ಮೇಲೆ ಹಾದು ಬರುವಾಗ ನಮ್ಮ ಮನೆಯ ಮುಂದೆಯೇ ಜೀಪು ಹೋಯಿತು. ನಾನು ಬರುವ ಸುದ್ದಿ ತಿಳಿದು ಅವ್ವ ಹೋಳಿಗೆ ಮಾಡಿ, ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಡ್ರೈವರ್ ಬ್ರೇಕಿಗೆ ಕಾಲಿಟ್ಟ. "ನಡಿ," ಎಂದರು ಅಕ್ಕೋರು. ಅವ್ವ ತಟ್ಟೆ ಎತ್ತಿ ಕೂಗುತ್ತಿದ್ದುದು ಧೂಳಿನಲ್ಲಿ ಮುಚ್ಚಿಹೋಯಿತು. ನಾನು ಅತ್ತೆ. "ಸ್ಪ್ರಿಂಗಿಗೆ ನಿಮ್ಮವ್ವ ಗೊತ್ತಿಲ್ಲ," ಎಂದರು.

ಹಾಗಂತ ತಮಗೆ ತಾವು ಕರುಣೆ ತೋರಿಸಿಕೊಂಡವರೂ ಅಲ್ಲ. ತಮ್ಮದೇ ಒಂದು ರೀಡಿಂಗಿನ ಮೇಲೆ ಅನುಮಾನ ಬಂದರೆ ಇಡೀ ದಿನದ ಕೆಲಸ ಹೊಡೆದುಹಾಕಿ ಮರುದಿನ ನಸುಕಿಗೇ ಹೊರಡುತ್ತಿದ್ದರು. ಜ್ವರ ಬಂದರೆ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಬರುತ್ತಿದ್ದರು. ತಾವು ಸಹಿಸಿದ್ದನ್ನು ಎಲ್ಲರೂ ಸಹಿಸಬೇಕೆಂದು ನಂಬಿದ್ದರು.

ಕುಂಚಾವರಂ ಕಾಡಿನ ಸರದಿ ಬಂದಾಗ ಮಳೆಗಾಲ ಹತ್ತಿರವಾಗಿತ್ತು. ಮಳೆ ಬಿದ್ದರೆ ಕಾಡಿನೊಳಗೆ ಬಿಡುವುದಿಲ್ಲವೆಂದು ಅರಣ್ಯದವರು ಮೊದಲೇ ಹೇಳಿದ್ದರು. ಅಕ್ಕೋರು ತಂಡವನ್ನು ಎರಡು ಮಾಡಿ, ಎರಡನೆಯ ಪೆಟ್ಟಿಗೆಯನ್ನು ನಮ್ಮ ಹಿರಿಯ ಸಹಾಯಕರಿಗೆ ಕೊಟ್ಟರು. ಅವರು ನಲವತ್ತು ದಾಟಿದವರು, ಇಬ್ಬರು ಹೆಣ್ಣುಮಕ್ಕಳ ತಂದೆ, ಮಾತು ಕಡಿಮೆ. ಜೀಪು ಹೋಗದ ಕಾಡಿನ ಒಳಭಾಗಕ್ಕೆ ಅವರು ಒಬ್ಬ ದಾರಿಗಾರನನ್ನು ಕರೆದುಕೊಂಡು ಹೋಗಿ, ಕೆಲದಿನಗಳಲ್ಲಿ ಎಲ್ಲ ರೀಡಿಂಗ್ ತಂದು ಒಪ್ಪಿಸಿದರು.

ಅಕ್ಕೋರು ಅವನ್ನು ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ನಮ್ಮನ್ನೆಲ್ಲ ಚಿಂಚೋಳಿಯ ಬಾಡಿಗೆ ಮನೆಯ ಅಂಗಳಕ್ಕೆ ಕರೆದರು.

"ನಿಮ್ಮ ರೀಡಿಂಗ್ ಭಾಳ ಚಂದ ಅವ," ಎಂದರು.

ಸಹಾಯಕರ ಮುಖ ಅರಳಿತು. ಅಕ್ಕೋರ ಬಾಯಲ್ಲಿ ಅಂಥ ಮಾತು ಯಾರೂ ಕೇಳಿರಲಿಲ್ಲ.

"ಇಷ್ಟು ಚಂದ ನನಗ ಎಂದೂ ಬಂದಿಲ್ಲ. ಭೂಮಿ ನಡುಗ್ತದ, ಚಂದ್ರ ಜಗ್ತಾನ, ಸ್ಪ್ರಿಂಗ್ ಸಡಲ್ತದ, ಕಣ್ಣು ದಣೀತದ. ನಿಮ್ಮ ರೀಡಿಂಗಿನಾಗ ಇದು ಯಾವ್ದೂ ಇಲ್ಲ. ಎಲ್ಲಿ ಕೂತು ಬರದ್ರಿ?"

ಅರಳಿದ ಮುಖ ಹಾಗೇ ನಿಂತಿತು. ಅವರು, "ಹುಣಸಿ ಗಿಡದ ಬುಡಕ್ರೀ," ಎಂದರು. ಕಾಡಿಗೆ ಹೋದ ಮೊದಲ ದಿನವೇ ಜ್ವರ ಹಿಡಿಯಿತಂತೆ. ನಾಲ್ಕು ಹೆಜ್ಜೆ ಇಡಲೂ ಆಗಲಿಲ್ಲವಂತೆ. "ಖಾಲಿ ಕೈಲೆ ತಿರುಗಿ ಬಂದ್ರ ನೀವು ಬೈತೀರಂತ ಅಂಜಿ ಬರದೀನ್ರಿ. ಮಂದಿ ಎದುರಿಗೆ ನೀವು ಬೈಯೋದು ತಡಕೊಳ್ಳಾಕ ಆಗಂಗಿಲ್ರಿ ನನಗ."

ಹಾಗೆ ಹೇಳುವಾಗಲೂ ಅವರ ಮೈ ನಡುಗುತ್ತಿತ್ತು. ಅಕ್ಕೋರು ಪೆಟ್ಟಿಗೆ ಇಸಿದುಕೊಂಡರು. "ಸಂಜಿ ಬಸ್ಸಿಗೆ ಹೋಗ್ರಿ. ಮತ್ತ ಬರಬ್ಯಾಡ್ರಿ."

ಮರುದಿನ ಆ ಮನುಷ್ಯನ ಹೆಂಡತಿ ಇಬ್ಬರು ಮಕ್ಕಳನ್ನೂ ಕಟ್ಟಿಕೊಂಡು ಬಂದಳು. ಅಕ್ಕೋರ ಕಾಲು ಹಿಡಿದಳು. "ಜ್ವರ ಖರೇ ಅದರೀ ಅಕ್ಕೋರೆ. ಇನ್ನೂ ಇಳಿದಿಲ್ಲ. ಬೇಕಾದ್ರ ಮನಿಗೆ ಬಂದು ಮೈ ಮುಟ್ಟಿ ನೋಡ್ರಿ."

ಅಕ್ಕೋರು ಕಾಲು ಹಿಂದಕ್ಕೆಳೆದುಕೊಂಡರು. "ಜ್ವರ ಖರೇ ಇರಬಹುದು ತಂಗಿ. ರೀಡಿಂಗ್ ಸುಳ್ಳು. ನಾ ನೋಡೋದು ರೀಡಿಂಗ್." ಮಕ್ಕಳಲ್ಲಿ ದೊಡ್ಡದು ಆ ಕಪ್ಪು ಕಣ್ಣನ್ನೇ ನೋಡುತ್ತಾ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ಅವತ್ತು ನಮ್ಮ ತಂಡದಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅಕ್ಕೋರು ಮಾಡಿದರು.

ಆ ಸುಳ್ಳು ರೀಡಿಂಗುಗಳನ್ನು ಅವರು ಲೆಕ್ಕದಿಂದ ಪೂರ್ತಿ ತೆಗೆದುಹಾಕಿದರು. ಮತ್ತೆ ಹೋಗಿ ಅಳೆಯೋಣವೆಂದರೆ ಮಳೆ ಹಿಡಿಯಿತು, ಕಾಡಿನ ದಾರಿ ಮುಚ್ಚಿತು. ಕುಂಚಾವರಂ ಸೀಮೆ ಖಾಲಿಯೇ ಉಳಿಯಿತು.

ಮಾದರಿ ಸಿದ್ಧವಾದಾಗ ಅಕ್ಕೋರು ಎರಡು ನಕ್ಷೆ ಮಾಡಿಸಿದರು. ಒಂದು, ಎಲ್ಲಿ ಎಷ್ಟು ಎಳೆತ ಎಂಬುದರದು. ಇನ್ನೊಂದು, ಎಲ್ಲಿ ಎಷ್ಟು ನಂಬಬಹುದು ಎಂಬುದರದು. ಸೇಡಂ, ಚಿತ್ತಾಪುರ, ಶಹಾಬಾದಿನ ಸುತ್ತ ಎರಡನೆಯ ನಕ್ಷೆ ತಿಳಿ ಹಳದಿಯಾಗಿತ್ತು. ವಾಡಿಯ ರೈಲುಗಳ ಅದುರಿಗೆ ಅಲ್ಲಿ ಸ್ವಲ್ಪ ಬಣ್ಣ ಏರಿತ್ತು. ಕುಂಚಾವರಂ ಮಾತ್ರ ಕಡುಗೆಂಪು. ಅಲ್ಲಿ ನಮ್ಮ ಲೆಕ್ಕದಲ್ಲಿ ನೀರಿನ ಮಟ್ಟ ಒಂದು ಗೇಣಿಗಿಂತ ಹೆಚ್ಚೇ ತಪ್ಪಿರಬಹುದು ಎಂದು ಆ ಕೆಂಪಿನ ಅರ್ಥ.

ಕಲಬುರಗಿಯ ಸಭೆಯಲ್ಲಿ ಮೇಲಿನ ಸಾಹೇಬರು ಆ ಎರಡನೆಯ ನಕ್ಷೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಅಕ್ಕೋರೆ, ನಮಗ ಏನು ಗೊತ್ತಿಲ್ಲ ಅನ್ನೋದನ್ನ ನಕ್ಷಾ ಮಾಡಿ ತಂದೀರಲ್ಲ! ಏನು ಗೊತ್ತದ ಅದನ್ನ ಕೊಡ್ರಿ ಸಾಕು." ಕೂತವರೆಲ್ಲ ನಕ್ಕರು. ಅಕ್ಕೋರು ನಗಲಿಲ್ಲ. ಕೆಂಪಿದ್ದ ಕಡೆ ಈ ಮಾದರಿ ಬಳಸಿ ಯಾರೂ ಏನೂ ಕಟ್ಟಬಾರದು ಎಂದು ಅವರು ಹೇಳಿದರು. ಮಳೆ ಮುಗಿದ ಮೇಲೆ ತಾವೇ ಹೋಗಿ ಅಳೆದು ತರುವುದಾಗಿಯೂ ಹೇಳಿದರು. ಅಷ್ಟು ಕಾಯಲು ಯಾರಿಗೂ ಪುರುಸೊತ್ತಿರಲಿಲ್ಲ. ಮರುವಾರವೇ ಅಕ್ಕೋರನ್ನು ಹಳೆಯ ಸಾಮಾನುಗಳ ಕೋಣೆಯ ಉಸ್ತುವಾರಿಗೆ ಹಾಕಿದರು.

ಸಾಹೇಬರು ಮುಂದೆ ಮಾಡಿದ್ದು ಸುಲಭದ ಕೆಲಸ. ಮನೆಗೆ ಕಳಿಸಿದ್ದ ಸಹಾಯಕರನ್ನು ಕರೆಸಿದರು. ಕಡತದಲ್ಲಿ ಉಳಿದಿದ್ದ ಆ ರೀಡಿಂಗ್ ನಿಜವೆಂದು ಅವರ ಬಾಯಿಂದ ಹೇಳಿಸಿದರು. ಕೆಲಸ ವಾಪಸ್ ಕೊಟ್ಟರು. ಹುಣಸೆ ಗಿಡದ ಬುಡದಲ್ಲಿ ಹುಟ್ಟಿದ ಅಳತೆಗಳು ಮಾದರಿಯೊಳಗೆ ಸೇರಿದ ಕೂಡಲೇ ಕುಂಚಾವರಂನ ಕೆಂಪು ತಿಳಿ ಹಳದಿಯಾಯಿತು. ಕಂಪ್ಯೂಟರು ನೋಡುವುದು ಅಲ್ಲಿ ರೀಡಿಂಗ್ ಇದೆಯೋ ಇಲ್ಲವೋ ಎಂಬುದನ್ನು. ಬರೆದವನಿಗೆ ಜ್ವರ ಇತ್ತೋ ಎಂಬುದನ್ನಲ್ಲ. ಮಾದರಿ ಅಕ್ಕೋರ ಹೆಸರಿನಲ್ಲಿಯೇ ಹೊರಬಂತು.

ಅದನ್ನು ನಂಬಿ ಕಾಡಂಚಿನ ಒಂದು ಕೆರೆಯಿಂದ ಒಂದು ತಾಂಡಾಕ್ಕೆ ಸಿಮೆಂಟಿನ ಕಾಲುವೆ ಕಟ್ಟಿದರು. ಪಂಪ್ ಇಲ್ಲ, ನೀರು ತಾನೇ ಹರಿದು ಹೋಗಬೇಕು. ಅಲ್ಲಿಯ ನೆಲ ತಟ್ಟೆಯಂತೆ ಸಪಾಟು. ಕಾಲುವೆಗೆ ಕೊಟ್ಟ ಇಳಿಜಾರೇ ಮೊದಲಿಂದ ಕೊನೆಯವರೆಗೆ ಹೆಚ್ಚುಕಮ್ಮಿ ಒಂದು ಗೇಣು. ಉದ್ದಕ್ಕೂ ನೆಲದ ಮೇಲೆ ಮಟ್ಟ ಹಿಡಿದು ನೋಡುವ ಹಳೆಯ ಕ್ರಮ ಬಿಟ್ಟು, ಉಪಗ್ರಹದ ಎತ್ತರವನ್ನೂ ನಮ್ಮ ಮಾದರಿಯನ್ನೂ ಕೂಡಿಸಿ ಕೆಲಸ ಮುಗಿಸಿದ್ದರು. ನೀರು ಬಿಟ್ಟ ದಿನ ಅದು ಹರಿಯಿತು. ತಾಂಡಾ ಇನ್ನೂ ಕೂಗಳತೆ ದೂರವಿರುವಾಗ ನಿಂತಿತು. ಮುಂದೆ ಹೋಗಲೇ ಇಲ್ಲ. ಬಂದ ನೀರು ಅಲ್ಲಿಯೇ ಕಟ್ಟಿಕೊಂಡು ಹಸಿರಾಯಿತು. ತಾಂಡಾದ ಹೆಂಗಸರು ಅಲ್ಲಿಗೇ ಬಂದು ತುಂಬಿಕೊಂಡು ಹೋಗತೊಡಗಿದರು. ಕಾಲುವೆಯ ಗೋಡೆ ನುಣುಪು, ಅದರ ಮೇಲೆ ಪಾಚಿ. ಶಾಲೆಗೆ ಹೋಗುವ ಮುಂಚೆ ಕೊಡ ತುಂಬಲು ಬಂದ ಒಬ್ಬ ಹುಡುಗಿ ಜಾರಿದಳು. ಹಿಡಿದು ಹತ್ತಲು ಆ ಗೋಡೆಯಲ್ಲಿ ಏನೂ ಇರಲಿಲ್ಲ.

ಸುದ್ದಿ ಕೇಳಿದ ದಿನ ಅಕ್ಕೋರು ನನಗೆ ಫೋನ್ ಮಾಡಿ, "ಬಸ್‌ಸ್ಟ್ಯಾಂಡಿಗೆ ಬಾ" ಎಂದಷ್ಟೇ ಹೇಳಿದರು. ಇಬ್ಬರೂ ಎರಡು ಬಸ್ಸು ಬದಲಿಸಿ ತಾಂಡಾ ಮುಟ್ಟಿದೆವು.

ಹುಡುಗಿಯ ತಾಯಿ ಗುಡಿಸಲ ಮುಂದೆ ಕೂತಿದ್ದಳು. ಅಕ್ಕೋರು ನೆಲದ ಮೇಲೆ ಎದುರಿಗೆ ಕೂತರು. ಯಾರೋ ನಮ್ಮ ಮುಂದೆ ಎರಡು ಲೋಟ ನೀರು ತಂದಿಟ್ಟರು.

"ನೀ ಯಾರವ್ವಾ?" ಎಂದಳು ತಾಯಿ.

"ನೀರು ಎಲ್ಲಿತನಕ ಬರ್ತದ ಅಂತ ಲೆಕ್ಕ ಮಾಡಿದಾಕಿ."

"ಲೆಕ್ಕ ತಪ್ಪಿತ್ತೇನು?"

"ತಪ್ಪಬಹುದು ಅಂತ ಗೊತ್ತಿತ್ತು."

ತಾಯಿ ತಲೆ ಎತ್ತಿದಳು. "ಗೊತ್ತಿದ್ದದ್ದು ಯಾರಿಗೆ ಹೇಳ್ದಿ?"

"ಆಫೀಸಿನಾಗ ಹೇಳ್ದೆ. ನಕ್ಷಾ ಮಾಡಿ ತೋರಿಸ್ದೆ."

"ಆಫೀಸಿನವರು ನೀರು ತುಂಬಾಕ ಬರ್ತಾರೇನು ಇಲ್ಲಿ? ನಮಗ್ಯಾಕ ಹೇಳ್ಲಿಲ್ಲ?"

ಅಕ್ಕೋರು ಬಾಯಿ ತೆರೆದರು. ನಾನು ನಡುವೆ ಬಾಯಿ ಹಾಕಿ, ಇವರ ತಪ್ಪಲ್ಲ, ಬೇರೆಯವರು ಸುಳ್ಳು ಸೇರಿಸಿದರು ಎಂದು ಹೇಳಹೊರಟೆ. ಅಕ್ಕೋರು ನನ್ನ ತೊಡೆಯನ್ನು ಉಗುರು ಊರುವಂತೆ ಹಿಡಿದರು. ಸುಮ್ಮನಾದೆ. ಆ ತಾಯಿ ಎರಡೂ ಲೋಟ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು. ಬಿಸಿಲಲ್ಲಿ ನಾವು ತುಂಬಾ ಹೊತ್ತು ಕೂತಿದ್ದೆವು. ಬಾಗಿಲು ತೆರೆಯಲಿಲ್ಲ.

ವಿಚಾರಣೆ ನಡೆದಾಗ ಎಲ್ಲ ಬೆರಳೂ ಮಾದರಿಯ ಕಡೆ ತಿರುಗಿದವು, ಮಾದರಿಯ ಮೇಲೆ ಅಕ್ಕೋರ ಹೆಸರಿತ್ತು. ಅವರು ತಮ್ಮ ಆಕ್ಷೇಪವನ್ನು ಹೇಳಿದರು, ಯಾರೂ ಬರೆದುಕೊಳ್ಳಲಿಲ್ಲ. ನಮ್ಮ ಸಹಾಯಕರು ಬಂದು ತಲೆ ತಗ್ಗಿಸಿಕೊಂಡು, ರೀಡಿಂಗ್ ಕಾಡಿನೊಳಗೇ ತೆಗೆದದ್ದು ಎಂದರು. ಅಂಗಳದಲ್ಲಿ ಅವರ ಮೊದಲಿನ ಮಾತು ಕೇಳಿದ್ದ ನಮ್ಮನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ. ಅಕ್ಕೋರು ಎದ್ದು ಅವರನ್ನೇ ನೋಡಿ, ಮತ್ತೆ ಕೂತರು. ಕೆಲಸ ಹೋಯಿತು. ಸೇಡಂನ ಅಣ್ಣನ ಮನೆ ಸೇರಿದರು.

ಅಲ್ಲಿ ಹೊಟ್ಟೆನೋವು ಶುರುವಾಯಿತು. ಕಲಬುರಗಿಯ ಡಾಕ್ಟರು ನೋಡಿ, ಪಿತ್ತಕೋಶದ ಗಡ್ಡೆ, ಕೈ ಮೀರಿದೆ, ಎರಡು ತಿಂಗಳು ಎಂದರು. ಮನೆಯವರು ಅತ್ತು, ಕಣ್ಣೊರೆಸಿಕೊಂಡು, ಆ ಎರಡು ತಿಂಗಳನ್ನು ಚೆನ್ನಾಗಿ ನಡೆಸಿಕೊಟ್ಟರು. ಪಡಸಾಲೆಯಲ್ಲಿ ಗಾಳಿ ಬರುವ ಕಡೆ ಮಂಚ ಹಾಕಿದರು. ಅತ್ತಿಗೆ ದಿನವೂ ಕೇಳಿ ಕೇಳಿ ಅಡುಗೆ ಮಾಡುತ್ತಿದ್ದರು. ದೂರದ ನೆಂಟರು ಬಂದು ಕೈ ಹಿಡಿದು ಅತ್ತು ಹೋದರು.

ಎರಡು ತಿಂಗಳು ಕಳೆಯಿತು. ಅಕ್ಕೋರು ಸಾಯಲಿಲ್ಲ. ಮಳೆಗಾಲ ಹೋಯಿತು, ದಸರಾ ಬಂತು, ಸಂಕ್ರಾಂತಿ ಬಂತು. ನೋವು ಹೆಚ್ಚಾಯಿತು, ಸಾವು ಬರಲಿಲ್ಲ. ಒಮ್ಮೆ ಅತ್ತು ಹೋದ ನೆಂಟರಿಗೆ ಎರಡನೆಯ ಸಲ ಅಳಲು ಬರಲು ನಾಚಿಕೆ. ಮಂಚ ಪಡಸಾಲೆಯಿಂದ ಹಿಂದಿನ ಕೋಣೆಗೆ, ಜೋಳದ ಚೀಲಗಳ ಪಕ್ಕಕ್ಕೆ ಹೋಯಿತು. ನಾನು ಹೋದಾಗ ಅತ್ತಿಗೆ ಒಳಗಿನವರಿಗೆ ಕೇಳುವಂತೆಯೇ ಹೇಳಿದರು: "ಡಾಕ್ಟರ್ ಹೇಳಿದ್ದೇನು, ಇಲ್ಲಿ ನಡೀಲಿಕತ್ತಿದ್ದೇನು! ನನ್ನ ನಡಾ ಬಿದ್ದು ಹೋಯ್ತವಾ."

ಅಕ್ಕೋರಿಗೆ ಸಿಟ್ಟು ಬರಲಿಲ್ಲ. "ಅವರದೇನು ತಪ್ಪು? ಡಾಕ್ಟರ್ ಎರಡು ತಿಂಗಳು ಅಂದ, ಫರಕ್ ಹೇಳ್ಲಿಲ್ಲ. ಇವರು ಪಾಪ ಇದ್ದಬಿದ್ದ ಪ್ರೀತಿ ಎಲ್ಲಾ ಎರಡು ತಿಂಗಳಾಗ ಖರ್ಚು ಮಾಡಿ ಕೂತಾರ," ಎಂದರು.

ಆ ಚಳಿಗಾಲ ನಾನು ರಜೆ ಹಾಕಿ, ಅರಣ್ಯದವರ ಕೈಕಾಲು ಹಿಡಿದು ಒಪ್ಪಿಗೆ ತೆಗೆದುಕೊಂಡು, ಒಂದು ಪೆಟ್ಟಿಗೆ ಎರವಲು ತಂದು ಕುಂಚಾವರಂ ಕಾಡಿನ ಒಳಗೆ ಹೋದೆ. ಖಾಲಿ ಉಳಿದಿದ್ದ ಜಾಗಗಳನ್ನು ಅಳೆದೆ. ಲೆಕ್ಕ ಮಾಡಿದಾಗ ಗೊತ್ತಾಯಿತು: ನೆಲದ ಕೆಳಗಿನ ಕಲ್ಲು ನಾವು ಅಂದುಕೊಂಡದ್ದಕ್ಕಿಂತ ಬೇರೆಯೇ ಇತ್ತು, ನೀರಿನ ಮಟ್ಟ ಸುಮಾರು ಒಂದು ಗೇಣು ತಪ್ಪಿತ್ತು. ಅಕ್ಕೋರ ಕೆಂಪು ಬಣ್ಣ ಹೇಳಿದ್ದ ಮಿತಿಯ ಒಳಗೇ ಇತ್ತು. ನಾನು ಓಡಿಹೋಗಿ ಹಾಸಿಗೆಯ ಪಕ್ಕ ಕೂತು ಹೇಳಿದೆ. ಅವರ ಮುಖ ಅರಳಬಹುದು ಎಂದುಕೊಂಡಿದ್ದೆ.

"ಆ ಹುಡುಗಿ ಎದ್ದು ಬರ್ತಾಳೇನು?" ಎಂದರು.

ಗೋಡೆಯ ಕಡೆ ಹೊರಳಿದರು. ಆಮೇಲೆ ತಾವಾಗಿಯೇ ಮಾತಾಡಿದರು. "ಸ್ಪ್ರಿಂಗಿನ ಫರಕ್ ಹಿಡದೆ. ಚಂದ್ರನ ಫರಕ್ ಹಿಡದೆ. ರೈಲಿನ ಅದುರು ಸುದ್ದಾ ಬಿಡಲಿಲ್ಲ. ಆ ಮನಷಾ ಸುಳ್ಳು ಬರದದ್ದು ನನಗ ಅಂಜಿ. ನನಗ ಎಷ್ಟು ಮಂದಿ ಅಂಜತಾರ, ಅದರಿಂದ ಎಷ್ಟು ಫರಕ್ ಬೀಳ್ತದ, ಅದನ್ನೊಂದು ನಾ ಎಂದೂ ಲೆಕ್ಕಕ್ಕ ಹಿಡೀಲಿಲ್ಲ."

ನಾನು ಸಮಾಧಾನದ ಮಾತು ಹುಡುಕಿದೆ. ಅವರು ಕೈ ಅಡ್ಡ ಮಾಡಿ ತಡೆದರು. "ಸುಳ್ಳು ಹೇಳಬ್ಯಾಡ. ನೀನು ಅಂಜತಿದ್ದಿಲ್ಲೇನು?"

"ಭಾಳ ಅಂಜತಿದ್ದೆ ರೀ," ಎಂದೆ.

"ಹಾಂ," ಎಂದು ಕಣ್ಣು ಮುಚ್ಚಿಕೊಂಡರು.

ಬೇಸಿಗೆಯ ಒಂದು ಮಧ್ಯಾಹ್ನ ಹೋದರು. ಮನೆಯವರೆಲ್ಲ ಚಿತ್ತಾಪುರದಲ್ಲಿ ಒಂದು ಮದುವೆಗೆ ಹೋಗಿದ್ದರು. ಪಾತ್ರೆ ತೊಳೆಯಲು ಬಂದ ಹೆಂಗಸು ನೋಡಿ ಕೂಗಿದಳು. ಕೈ ನೀರಿನ ತಂಬಿಗೆಯ ಕಡೆ ಚಾಚಿತ್ತಂತೆ, ತಂಬಿಗೆ ಕೈಗೆಟುಕದಷ್ಟು ದೂರದಲ್ಲಿತ್ತಂತೆ. ಕಾಗಿಣಾ ದಂಡೆಯಲ್ಲಿ ಬೆಂಕಿ ಕೊಟ್ಟರು. ಕಚೇರಿಯಿಂದ ಒಬ್ಬರೂ ಬರಲಿಲ್ಲ. ಅಣ್ಣ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಬಿಡುಗಡಿ ಆತು," ಎಂದರು. ಯಾರಿಗೆ ಎಂದು ಹೇಳಲಿಲ್ಲ.

ಆ ಮಾದರಿ ಈಗಲೂ ಬಳಕೆಯಲ್ಲಿದೆ. ನನ್ನ ಹೊಸ ಅಳತೆಗಳನ್ನು ಮುಂದೆ ಯಾವಾಗಲಾದರೂ ಸೇರಿಸುವುದಾಗಿ ಹೇಳಿದ್ದಾರೆ. ನಾನೀಗ ಇಂಥದೇ ಕೆಲಸದಲ್ಲಿದ್ದೇನೆ. ಅಕ್ಕೋರಿಂದ ಅಳೆಯುವುದನ್ನು ಕಲಿತೆ. ಅವರು ಮಾಡದೆ ಬಿಟ್ಟದ್ದರಿಂದ ಇನ್ನೊಂದನ್ನು ಕಲಿತೆ. ಕಚೇರಿಗೆ ಲೆಕ್ಕ ಕಳಿಸುವ ಮೊದಲು ನೀರು ಹೋಗಬೇಕಾದ ಊರಿಗೆ ಹೋಗುತ್ತೇನೆ.

ಈಚೆಗೆ ಸೇಡಂ ಕಡೆಯ ಮುಧೋಳದ ಆಚೆಯ ಒಂದು ಊರಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಕೂತು ಜನರಿಗೆ ಹೇಳಿದೆ: ನೀರು ನಿಮ್ಮ ಓಣಿಯವರೆಗೆ ಬರಬಹುದು, ಊರ ಹೊರಗೇ ನಿಲ್ಲಲೂಬಹುದು, ನಮ್ಮ ಲೆಕ್ಕ ಇಷ್ಟು ಹೆಚ್ಚುಕಮ್ಮಿ ಇದೆ. ಗುತ್ತಿಗೆದಾರ ಸಿಟ್ಟಿನಿಂದ ಎದ್ದು ಹೋದ. ಹಿಂದೆ ಕೂತಿದ್ದ ಒಬ್ಬ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಖಾತ್ರಿ ಇಲ್ಲ ಅಂತ ಹೇಳಾಕ ಇಷ್ಟು ದೂರ ಬಂದೀಯೇನು?"

"ಹೂಂ ಆಯಿ. ಅದನ್ನೇ ಹೇಳಾಕ ಬಂದೀನಿ."

ಅವಳು ಎಲೆಯಡಿಕೆ ಪಕ್ಕಕ್ಕೆ ಉಗಿದಳು. ಆಮೇಲೆ ತನ್ನ ಓಣಿಯ ಹೆಂಗಸರ ಕಡೆ ತಿರುಗಿ, "ಹಂಗಾದ್ರ ಹಳೀ ಬಾವಿ ಮುಚ್ಚಬ್ಯಾಡ್ರೆ," ಎಂದಳು.